ಜುಗ್ಗನ ಎದುರು ಇಬ್ಬರ ಪೋಕರ್: ಅಡಿಕೆ ಅಡಿಕೆಯಾಗಿ ಗೆಲ್ಲುವ ಸಮಗ್ರ ಮಾರ್ಗದರ್ಶಿ

ರಾತ್ರಿ ಹನ್ನೊಂದೂವರೆ. ಆರು ಜನ ಕೂತು ಶುರು ಮಾಡಿದ ಆಟದಲ್ಲಿ ನಾಲ್ವರು ಔಟ್. ಉಳಿದವರು ನಾನು ಮತ್ತು ನನ್ನ ಹಳೇ ಸಹಪಾಠಿ. ಸೋತವನು ಬೆಳಿಗ್ಗೆ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು ಅನ್ನೋದು ಒಪ್ಪಂದ. ನನ್ನ ಹತ್ತಿರ ಅವನ ಎರಡರಷ್ಟು ಚಿಪ್ ಇತ್ತು. ಅವನೋ, ಸಂಜೆಯಿಡೀ ಹತ್ತು ಕೈ ಆಡಿದ್ದರೆ ಹೆಚ್ಚು. ಒಂದು ಗಂಟೆ ಅವನ ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಹಾಕಲೇಬೇಕಾದ ಚಿಪ್) ಕದ್ದೆ, ಕದ್ದೆ, ಕದ್ದೆ. ಅವನು ಪಾಪ ಕೊಡುತ್ತಲೇ ಇದ್ದ. ಆಮೇಲೆ ನನಗೆ ಎಕ್ಕ-ರಾಣಿ ಬಂತು. ರೈಸ್ ಮಾಡಿದೆ. ಅವನು ತಿರುಗಿ ರೈಸ್ ಮಾಡಿದ, ಅಂದರೆ ಪಣ ಇನ್ನೂ ಏರಿಸಿದ. ಕಾಲ್ ಮಾಡಿದೆ, ಅಂದರೆ ಅವನು ಹಾಕಿದಷ್ಟೇ ನಾನೂ ಹಾಕಿದೆ. ಫ್ಲಾಪ್‌ನಲ್ಲಿ, ಅಂದರೆ ಟೇಬಲ್ ಮೇಲೆ ಮೊದಲು ಬೀಳುವ ಮೂರು ಎಲೆಗಳಲ್ಲಿ, ರಾಣಿ ಬಿತ್ತು. ಅವನು ಬೆಟ್ ಮಾಡಿದ, ನಾನು ರೈಸ್ ಮಾಡಿದೆ, ಅವನು ಇದ್ದದ್ದೆಲ್ಲ ಮುಂದೆ ತಳ್ಳಿದ. ಒಂದು ಕ್ಷಣವೂ ಯೋಚಿಸದೆ ಕಾಲ್ ಅಂದೆ. ಅವನ ಕೈಯಲ್ಲಿ ಎರಡು ರಾಜ. ಹತ್ತು ನಿಮಿಷದಲ್ಲಿ ನನ್ನ ಉಳಿದ ಚಿಪ್ಪೂ ಹೋಯಿತು. ದೋಸೆ ನಾನೇ ಕೊಡಿಸಿದೆ.

ಕದ್ದದ್ದು ತಪ್ಪಾಗಿರಲಿಲ್ಲ. ಒಂದು ಗಂಟೆ ಮಾಡಿದ ಕೆಲಸ ಸರಿಯಾಗಿಯೇ ಇತ್ತು. ಬಾಯಿ ಬಿಡದ ಮನುಷ್ಯ ಆವತ್ತು ಮೊದಲ ಸಲ ಬಾಯಿ ಬಿಟ್ಟು "ನನ್ನ ಹತ್ತಿರ ಇದೆ" ಅಂದಾಗ ನಾನು ನಂಬಲಿಲ್ಲ. ತಪ್ಪಾದದ್ದು ಅಲ್ಲಿ.

ಇಂಥ ಆಟಗಾರನನ್ನು ಪೋಕರ್ ಆಡುವವರು ನಿಟ್ ಅಂತಾರೆ. ನಮ್ಮ ಗುಂಪಿನಲ್ಲಿ ಜುಗ್ಗ ಅಂತೀವಿ. ಬೈಗುಳ ಅಲ್ಲ. ಚಿಪ್ ಕೈಬಿಡೋಕೆ ಸಂಕಟಪಡುವವನು, ಅಷ್ಟೇ. ನಮ್ಮ ಕಡೆ ಇವರ ಸಂಖ್ಯೆ ಸ್ವಲ್ಪ ಜಾಸ್ತಿ ಅಂತ ನನಗೆ ಅನಿಸುತ್ತದೆ. ಕಾರಣ ರಮ್ಮಿ ಇರಬೇಕು. ಹದಿಮೂರು ಎಲೆಯ ರಮ್ಮಿಯಲ್ಲಿ ಮೊದಲೇ ಡ್ರಾಪ್ ಆದರೆ 20 ಪಾಯಿಂಟ್, ನಡುವೆ ಆದರೆ 40, ಪೂರ್ತಿ ಸಿಕ್ಕಿಬಿದ್ದರೆ 80. ಕೈ ಚೆನ್ನಾಗಿಲ್ಲ ಅಂದರೆ ಬೇಗ ಬಿಡು ಅನ್ನೋದು ಅಲ್ಲಿ ಮೊದಲ ಪಾಠ. ಐದಾರು ಜನ ಕೂತ ಪೋಕರ್‌ನಲ್ಲೂ ಆ ಅಭ್ಯಾಸ ತಕ್ಕಮಟ್ಟಿಗೆ ನಡೆಯುತ್ತದೆ. ಇಬ್ಬರೇ ಉಳಿದಾಗ ಅದೇ ಅಭ್ಯಾಸ ಅವನನ್ನು ನಿಧಾನವಾಗಿ ಮುಳುಗಿಸುತ್ತದೆ.

ಶುರು ಮಾಡುವ ಮುಂಚೆ ಕಾನೂನಿನ ಒಂದು ಮಾತು. ಹಣ ಕಟ್ಟಿ ಆನ್‌ಲೈನ್‌ನಲ್ಲಿ ಆಡುವ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ತಂದ ಕಾಯ್ದೆ ನಿಷೇಧಿಸಿದೆ. ಪೋಕರ್, ರಮ್ಮಿ ಎರಡೂ ಅದರೊಳಗೆ ಬರುತ್ತವೆ. ಹಾಗಾಗಿ ಇಲ್ಲಿ ಬರೆದದ್ದೆಲ್ಲ ಮನೆಯ ಟೇಬಲ್‌ಗೆ, ಪ್ಲಾಸ್ಟಿಕ್ ಚಿಪ್‌ಗೆ, ಹೆಚ್ಚೆಂದರೆ ದೋಸೆಗೆ.

ಮೊದಲು ಕುರ್ಚಿ ಸರಿ ಮಾಡಿಕೊಳ್ಳಿ

ಆಟ ಟೆಕ್ಸಾಸ್ ಹೋಲ್ಡೆಮ್, ನೋ ಲಿಮಿಟ್, ಅಂದರೆ ಬೆಟ್‌ಗೆ ಮಿತಿ ಇಲ್ಲ. ಕೈಯಲ್ಲಿ ತಲಾ ಎರಡು ಎಲೆ. ಟೇಬಲ್ ಮೇಲೆ ಇಬ್ಬರಿಗೂ ಸೇರಿದ ಎಲೆಗಳು: ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಒಂದು (ರಿವರ್). ಪ್ರತಿ ಹಂತಕ್ಕೂ ಒಂದು ಸುತ್ತು ಬೆಟ್. ಇಬ್ಬರೇ ಇದ್ದಾಗ ಬಟನ್ (ಎಲೆ ಹಂಚುವವನ ಗುರುತು) ಇರುವವನೇ ಸ್ಮಾಲ್ ಬ್ಲೈಂಡ್, ಅಂದರೆ ಸಣ್ಣ ಬ್ಲೈಂಡ್ ಹಾಕಬೇಕು; ಇನ್ನೊಬ್ಬ ಬಿಗ್ ಬ್ಲೈಂಡ್. ಮನೆ ಆಟಗಳಲ್ಲಿ ಇದನ್ನು ತಪ್ಪು ಮಾಡುವವರು ತುಂಬಾ ಜನ. ಬಟನ್‌ನವನು ಫ್ಲಾಪ್‌ಗೆ ಮುಂಚೆ ಮೊದಲು ಆಡುತ್ತಾನೆ, ಫ್ಲಾಪ್ ಬಿದ್ದ ಮೇಲೆ ಪ್ರತಿ ಸುತ್ತಿನಲ್ಲೂ ಕೊನೆಗೆ ಆಡುತ್ತಾನೆ. ಎದುರಾಳಿ ಏನು ಮಾಡಿದ ಅಂತ ನೋಡಿ ಆಮೇಲೆ ತೀರ್ಮಾನ ಮಾಡುವ ಈ ಅನುಕೂಲ ತುಂಬಾ ದೊಡ್ಡದು. ಬಟನ್ ಒಂದು ಕೈ ಬಿಟ್ಟು ಒಂದು ಕೈ ನಿಮಗೆ ಬರುತ್ತದೆ. ಜುಗ್ಗನ ಎದುರು ನಿಮ್ಮ ಗಳಿಕೆಯ ದೊಡ್ಡ ಪಾಲು ಆ ಕೈಗಳಿಂದಲೇ ಬರಬೇಕು.

ಲೆಕ್ಕ ಸುಲಭವಾಗಲಿ ಅಂತ ಬ್ಲೈಂಡ್ 50 ಮತ್ತು 100, ಇಬ್ಬರ ಹತ್ತಿರವೂ 10,000 ಚಿಪ್ ಅಂತ ಇಟ್ಟುಕೊಳ್ಳೋಣ. ಕೊನೆವರೆಗೂ ಇದೇ ಲೆಕ್ಕ.

ಒಂದು ಲೆಕ್ಕ, ಇದನ್ನು ಮರೆಯಬೇಡಿ

ನೂರು ಕೈ ಆಡಿದಿರಿ ಅನ್ನಿ. ಐವತ್ತರಲ್ಲಿ ಜುಗ್ಗ ಬಿಗ್ ಬ್ಲೈಂಡ್. ನೀವು ರೈಸ್ ಮಾಡಿದಾಗ ನೂರಕ್ಕೆ ಅರವತ್ತು ಸಲ ಫೋಲ್ಡ್ ಆಗುತ್ತಾನೆ, ಅಂದರೆ ಎಲೆ ಎಸೆದು ಕೈ ಬಿಡುತ್ತಾನೆ ಅಂದುಕೊಳ್ಳಿ. ಅಂದರೆ ಐವತ್ತರಲ್ಲಿ ಮೂವತ್ತು. ಅಲ್ಲಿಗೆ 3,000 ಚಿಪ್ ನಿಮ್ಮ ಕಡೆ. ಇನ್ನೈವತ್ತರಲ್ಲಿ ಅವನೇ ಬಟನ್. ಅದರಲ್ಲಿ ಇಪ್ಪತ್ತು ಕೈಗಳನ್ನು ಸುಮ್ನೆ ಬಿಟ್ಟ ಅನ್ನಿ. ಇನ್ನೊಂದು 1,000. ಒಟ್ಟು 4,000. ಒಂದು ಜಗಳವಿಲ್ಲ, ಒಂದು ದೊಡ್ಡ ಪಾಟ್ (ನಡುವೆ ಸೇರಿದ ಚಿಪ್ ರಾಶಿ) ಇಲ್ಲ. ಅವನ ರಾಶಿಯ ಹತ್ತರಲ್ಲಿ ನಾಲ್ಕು ಪಾಲು ಸದ್ದಿಲ್ಲದೆ ಕರಗಿ ಹೋಯಿತು.

ಈಗ ಅವನ ಕಡೆಯಿಂದ ನೋಡಿ. ಅವನು ಕಾಯುತ್ತಿರುವುದು ದೊಡ್ಡ ಕೈಗೆ: ಎರಡು ಎಕ್ಕ, ಎರಡು ರಾಜ, ಎರಡು ರಾಣಿ, ಎರಡು ಗುಲಾಮ, ಇಲ್ಲವೇ ಎಕ್ಕ-ರಾಜ. ಎರಡು ಎಲೆಗಳ ಒಟ್ಟು ಜೋಡಣೆಗಳು 1,326. ಒಂದೊಂದು ಜೋಡಿಗೆ 6 ಜೋಡಣೆ, ನಾಲ್ಕು ಜೋಡಿಗೆ 24. ಎಕ್ಕ-ರಾಜಕ್ಕೆ 16. ಒಟ್ಟು 40. ಅಂದರೆ ಸುಮಾರು ನೂರಕ್ಕೆ ಮೂರು. ಬರೀ ಎರಡು ಎಕ್ಕಕ್ಕಾಗಿ ಕೂತರೆ 221 ಕೈಗೆ ಒಂದು ಸಲ ಬರುತ್ತದೆ.

ನೂರು ಕೈಯಲ್ಲಿ ಅವನಿಗೆ ಮೂರು ಒಳ್ಳೆ ಸಮಯ. ಕಳೆದ 4,000 ವಾಪಸ್ ಪಡೆಯಬೇಕಾದರೆ ಆ ಮೂರರಲ್ಲಿ ತಲಾ 1,300ಕ್ಕಿಂತ ಜಾಸ್ತಿ ನಿಮ್ಮಿಂದ ಕೀಳಬೇಕು. ನೀವು ತಲಾ 500 ಕೊಟ್ಟು ಎದ್ದರೆ ಅವನಿಗೆ ಸಿಗೋದು 1,500 ಮಾತ್ರ. ಉಳಿದ 2,500 ನಿಮ್ಮದು. ಉಳಿದ ಕೈಗಳಲ್ಲಿ ಇಬ್ಬರೂ ಸಮಸಮ ಅಂದುಕೊಂಡರೂ ಗೆಲುವು ನಿಮ್ಮದೇ. ಅಡಿಕೆ ಅಡಿಕೆಯಾಗಿ ಕೂಡಿಸಿದ್ದನ್ನು ಆನೆ ಗಾತ್ರದ ಪಾಟ್‌ನಲ್ಲಿ ಕಳೆಯದಿದ್ದರೆ ಸಾಕು. ನನ್ನ ಎಕ್ಕ-ರಾಣಿ ಕತೆ ಈಗ ಅರ್ಥ ಆಯಿತಲ್ವಾ?

ಹೆಜ್ಜೆ 1: ಅವನು ನಿಜವಾಗಿ ಜುಗ್ಗನೇ?

ಮೊದಲ ಇಪ್ಪತ್ತು ಕೈ ಲೆಕ್ಕ ಇಡಿ. ಪೇಪರ್ ಬೇಡ, ಚಿಪ್ ಪಕ್ಕಕ್ಕೆ ಸರಿಸಿ ಎಣಿಸಿದರೂ ಆಯಿತು. ನಿಮ್ಮ ಹತ್ತು ರೈಸ್‌ಗೆ ಎಷ್ಟು ಸಲ ಬಿಟ್ಟ? ಆರು ಅಥವಾ ಜಾಸ್ತಿ ಇದ್ದರೆ ಅನುಮಾನಪಡಬಹುದು. ಹತ್ತು ಕೈ ಕಡಿಮೆ ಮಾದರಿ, ಪಾಪ ಅವನಿಗೆ ಬರೀ ಕಸವೇ ಬಂದಿರಬಹುದು. ಅದಕ್ಕೇ ಎಲೆ ತೋರಿಸಿದಾಗ ಕಣ್ಣಿಟ್ಟು ನೋಡಿ. ಎಕ್ಕ-ರಾಣಿ ಹಿಡಿದು ಬರೀ ಕಾಲ್ ಮಾಡಿದ್ದನೇ? ಫ್ಲಾಪ್‌ನ ದೊಡ್ಡ ಎಲೆಗೆ ಜೋಡಿ ಇದ್ದೂ ಕೊನೆವರೆಗೆ ಚೆಕ್ ಚೆಕ್ (ಬೆಟ್ ಮಾಡದೆ ಸರದಿ ದಾಟಿಸೋದು) ಅಂದನೇ? ಇಂಥ ಒಂದು ಕೈ ತೋರಿಸಿದರೆ ಇಪ್ಪತ್ತು ಫೋಲ್ಡ್ ನೋಡಿದಷ್ಟು ತಿಳಿಯುತ್ತದೆ.

ಜಾಗ್ರತೆಯ ಆಟಗಾರರಲ್ಲಿ ಮೂರು ಬಗೆ. ಒಬ್ಬ ಫ್ಲಾಪ್‌ಗೆ ಮುಂಚೆಯೇ ಬಿಡುತ್ತಾನೆ. ಇನ್ನೊಬ್ಬ ಫ್ಲಾಪ್ ನೋಡೋಕೆ ಬರುತ್ತಾನೆ, ಸಿಗಲಿಲ್ಲ ಅಂದರೆ ಬಿಡುತ್ತಾನೆ. ಈ ಇಬ್ಬರೂ ನಮ್ಮ ಜುಗ್ಗರು. ಮೂರನೆಯವನು ಯಾವತ್ತೂ ರೈಸ್ ಮಾಡಲ್ಲ, ಆದರೆ 2-2 ಜೋಡಿ ಹಿಡಿದೂ ರಿವರ್‌ವರೆಗೆ ಕಾಲ್ ಮಾಡುತ್ತಾನೆ. ನೋಡೋಕೆ ಮೆತ್ತಗಿನ ಮನುಷ್ಯ, ಭಯಸ್ಥ ಅನಿಸುತ್ತಾನೆ. ಅವನು ಜುಗ್ಗ ಅಲ್ಲ! ಅವನ ಮುಂದೆ ಬ್ಲಫ್ ಮಾಡಿದರೆ ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ. ಅವನ ಎದುರು ಒಳ್ಳೆ ಎಲೆ ಬರುವವರೆಗೆ ಕಾದು ದೊಡ್ಡದಾಗಿ ಬೆಟ್ ಮಾಡಿ. ಈ ಬರಹ ಅವನ ಬಗ್ಗೆ ಅಲ್ಲ.

ಹೆಜ್ಜೆ 2: ಬಟನ್‌ನಲ್ಲಿ ಸಣ್ಣ ರೈಸ್, ಬಹುತೇಕ ಎಲ್ಲ ಕೈಗೂ

ಎಷ್ಟಕ್ಕೆ ರೈಸ್ ಮಾಡಬೇಕು? 200ಕ್ಕೆ. ಅಂದರೆ ಬಿಗ್ ಬ್ಲೈಂಡ್‌ನ ಎರಡರಷ್ಟು, ಅದಕ್ಕಿಂತ ಜಾಸ್ತಿ ಬೇಡ.

ಯಾಕೆ ಅಂದರೆ, ನೀವು ಆಗಲೇ 50 ಹಾಕಿದ್ದೀರಿ. 200 ಮಾಡೋಕೆ ಇನ್ನೂ 150 ಹಾಕಬೇಕು. ಪಾಟ್‌ನಲ್ಲಿ ಇರುವುದೂ 150. ಹಾಗಾಗಿ ಅವನು ಎರಡರಲ್ಲಿ ಒಂದು ಸಲಕ್ಕಿಂತ ಜಾಸ್ತಿ ಬಿಟ್ಟರೆ, ನಿಮ್ಮ ಎಲೆ ಏನೇ ಇರಲಿ, ಫೋಲ್ಡ್ ಆಗುವುದಕ್ಕಿಂತ ರೈಸ್ ಲಾಭ. ಅದೇ 250ಕ್ಕೆ ಮಾಡಿದರೆ ಇನ್ನೂ 200 ಹಾಕಬೇಕು. ಆಗ ನೂರಕ್ಕೆ 57 ಸಲ ಅವನು ಬಿಡಬೇಕು. ಜುಗ್ಗ 200ಕ್ಕೂ ಬಿಡುತ್ತಾನೆ, 250ಕ್ಕೂ ಬಿಡುತ್ತಾನೆ. ಸುಮ್ನೆ ಜಾಸ್ತಿ ಯಾಕೆ ಕೊಡಬೇಕು?

ನೂರಕ್ಕೆ ಅರವತ್ತು ಬಿಡುವವನ ಎದುರು, ಕಾಲ್ ಮಾಡಿದಾಗಲೆಲ್ಲ ನೀವು ಪೂರ್ತಿ ಕೈಬಿಟ್ಟರೂ, ಪ್ರತಿ ರೈಸ್ ಫೋಲ್ಡ್‌ಗಿಂತ 30 ಚಿಪ್ ಮೇಲು. ಕಾಲ್ ಆದ ಮೇಲೂ ಫ್ಲಾಪ್‌ನಲ್ಲಿ ಎಷ್ಟೋ ಪಾಟ್ ನೀವೇ ಗೆಲ್ಲುತ್ತೀರಿ. ಅದು ಬೋನಸ್.

7-2, 8-2, 9-3 ಇಂಥ ಎಲೆಗಳನ್ನೂ ಆಡಬೇಕೇ? ಲೆಕ್ಕ ಹೌದು ಅನ್ನುತ್ತದೆ. ನಾನು ಮಾತ್ರ ಹತ್ತರಲ್ಲಿ ಒಂದು ಕೈ ಬಿಡುತ್ತೇನೆ. ಪ್ರತಿ ಸಲ ರೈಸ್ ಮಾಡುವವನನ್ನು ಎಂಥ ಜುಗ್ಗನೂ ಒಂದು ದಿನ ಎದುರಿಸುತ್ತಾನೆ. ಒಂದೊಂದು ಸಲ ಎಲೆ ಎಸೆದು "ಏನೂ ಬರ್ತಿಲ್ಲ ಮಾರಾಯ" ಅಂದರೆ ಅವನಿಗೂ ಸಮಾಧಾನ.

ಒಂದು ನಿಯಮ ಕಟ್ಟುನಿಟ್ಟು. ಎರಡು ಎಕ್ಕ ಬಂದರೂ 200, 9-5 ಬಂದರೂ 200. ಒಳ್ಳೆ ಎಲೆಗೆ 300, ಕೆಟ್ಟ ಎಲೆಗೆ 200 ಮಾಡಿದರೆ ಜಾಗ್ರತೆಯ ಮನುಷ್ಯ ಅದನ್ನು ಗಮನಿಸಿಯೇ ಗಮನಿಸುತ್ತಾನೆ. ಅವನಿಗೆ ಬೇರೆ ಕೆಲಸ ಏನಿದೆ, ನೋಡುತ್ತಲೇ ಕೂತಿದ್ದಾನೆ.

ಹೆಜ್ಜೆ 3: ಅವನು ಬಟನ್‌ನಲ್ಲಿ ಇದ್ದಾಗ

ಅವನು ಬಿಟ್ಟರೆ ತೆಗೆದುಕೊಳ್ಳಿ, ಮುಗಿಯಿತು.

ಅವನು ಬರೀ 100ಕ್ಕೆ ಸೇರಿಸಿ ಸುಮ್ಮನಾದರೆ, ಅಂದರೆ ಲಿಂಪ್ ಆದರೆ, ಬಹಳ ಸಲ ಅದು ಬಲವಿಲ್ಲದ ಕೈ. 350ಕ್ಕೆ ರೈಸ್ ಮಾಡಿ. 200 ಗೆಲ್ಲೋಕೆ 250 ಹಾಕುತ್ತಿದ್ದೀರಿ, ನೂರಕ್ಕೆ 56 ಸಲ ಅವನು ಬಿಟ್ಟರೆ ಲಾಭ. ಆದರೆ ಲಿಂಪ್ ಆಗಿ, ನಿಮ್ಮ ರೈಸ್‌ಗೆ ತಿರುಗಿ ರೈಸ್ ಮಾಡಿದನೋ, ತಕ್ಷಣ ಬಿಡಿ. ಅದು ಬಲೆ. ಒಳಗೆ ದೊಡ್ಡ ಜೋಡಿ ಕೂತಿರುತ್ತದೆ.

ಅವನು ರೈಸ್ ಮಾಡಿದರೆ ಗೌರವ ಕೊಡಿ. ಬೇರೆಯವರ ಎದುರು ಇಬ್ಬರ ಆಟದಲ್ಲಿ ಬಿಗ್ ಬ್ಲೈಂಡ್ ಅರ್ಧಕ್ಕಿಂತ ಜಾಸ್ತಿ ಕೈಗಳಲ್ಲಿ ಕಾಪಾಡಿಕೊಳ್ಳಬೇಕಾಗುತ್ತದೆ. ಇವನ ಎದುರು ಅಷ್ಟು ಬೇಡ. ಒಂದೇ ಗುರುತಿನ, ಪಕ್ಕಪಕ್ಕದ ಎಲೆಗಳು, ಜೋಡಿಗಳು, ದೊಡ್ಡ ಎಲೆಗಳು ಸಾಕು. ರಾಜ-7, ರಾಣಿ-5 ಹಿಡಿದು ಹೋದರೆ ಜೋಡಿ ಸಿಕ್ಕಾಗಲೂ ಅವನ ಎಲೆ ನಿಮ್ಮದಕ್ಕಿಂತ ದೊಡ್ಡದಾಗಿರುವ ಭಯ ಇರುತ್ತದೆ.

ತಿರುಗಿ ರೈಸ್ ಮಾಡಿ ಹೆದರಿಸಬಹುದೇ? ಅವನು 250 ಮಾಡಿದ, ನೀವು 800 ಮಾಡಿದಿರಿ ಅನ್ನಿ. 350 ಗೆಲ್ಲೋಕೆ 700 ಹಾಕುತ್ತಿದ್ದೀರಿ. ಮೂರರಲ್ಲಿ ಎರಡು ಸಲ ಅವನು ಬಿಡಲೇಬೇಕು. ಅಪರೂಪಕ್ಕೆ ಮಾಡಿ, ಅದೂ ಒಂದೇ ಗುರುತಿನ ಎಕ್ಕ-5, ಎಕ್ಕ-4 ಇದ್ದಾಗ. ನಿಮ್ಮ ಕೈಯಲ್ಲಿ ಒಂದು ಎಕ್ಕ ಇದ್ದರೆ ಅವನ ಹತ್ತಿರ ಎರಡು ಎಕ್ಕ ಇರುವ ಜೋಡಣೆ 6ರಿಂದ 3ಕ್ಕೆ ಇಳಿಯುತ್ತದೆ, ಎಕ್ಕ-ರಾಜ 16ರಿಂದ 12ಕ್ಕೆ. ಅವನು ನಿಮಗೆ ಎದುರಾಗುವ ಕೈಗಳನ್ನೇ ನೀವು ಹಿಡಿದು ಕೂತ ಹಾಗೆ.

ಹೆಜ್ಜೆ 4: ಫ್ಲಾಪ್

ಜೋಡಿಯಲ್ಲದ ಎರಡು ಎಲೆ ಹಿಡಿದವನಿಗೆ ಫ್ಲಾಪ್‌ನಲ್ಲಿ ಜೋಡಿಯಾದರೂ ಸಿಗೋದು ಮೂರರಲ್ಲಿ ಸುಮಾರು ಒಂದು ಸಲ. ಉಳಿದ ಎರಡು ಸಲ ಅವನ ಮುಖ ಬಾಡುತ್ತದೆ. ಜುಗ್ಗ ಆರಿಸಿದ ಎಲೆಗಳಲ್ಲಿ ಜೋಡಿಗಳು ಜಾಸ್ತಿ ಇರುವುದರಿಂದ ಅವನ ಲೆಕ್ಕ ಇದಕ್ಕಿಂತ ಸ್ವಲ್ಪ ಮೇಲೆ. ಆದರೂ ನಿಮಗೆ ಸಾಕು.

ನಿಮ್ಮ 200 ರೈಸ್‌ಗೆ ಅವನು ಕಾಲ್ ಮಾಡಿದರೆ ಪಾಟ್ 400. ಅವನು ಚೆಕ್ ಮಾಡಿದ. ನೀವು 130 ಬೆಟ್ ಮಾಡಿ, ಪಾಟ್‌ನ ಮೂರನೇ ಒಂದು ಭಾಗ. ಇದು ನಾಲ್ಕರಲ್ಲಿ ಒಂದು ಸಲ ಕೆಲಸ ಮಾಡಿದರೆ ಅಸಲು ಬಂತು. ದೊಡ್ಡ ಬೆಟ್ ಬೇಕಿಲ್ಲ. ಸಿಗದವನು 130ಕ್ಕೂ ಬಿಡುತ್ತಾನೆ, ಸಿಕ್ಕವನು 300ಕ್ಕೂ ಬಿಡಲ್ಲ.

ಯಾವ ಫ್ಲಾಪ್ ಒಳ್ಳೆಯದು? 8-6-4 ಥರದ ಸಣ್ಣ ಎಲೆಗಳ ಫ್ಲಾಪ್ ನಿಮ್ಮದು. ಅವನು ಆಡೋದು ದೊಡ್ಡ ಎಲೆ, ನೀವು ಆಡೋದು ಎಲ್ಲ ಎಲೆ. 7-5 ನಿಮ್ಮ ಹತ್ತಿರ ಇರಬಹುದು, ಅವನ ಹತ್ತಿರ ಇರೋದು ಕಷ್ಟ. ಇದು ಅವನಿಗೂ ಗೊತ್ತು. 9-9-4 ಥರದ ಒಣ ಫ್ಲಾಪ್ ಕೂಡ ಚಿನ್ನ, ಯಾರಿಗೂ ಏನೂ ಸಿಕ್ಕಿರಲ್ಲ, ಮೊದಲು ಕೈ ಚಾಚಿದವನಿಗೆ ಪಾಟ್. ಎಕ್ಕ ಬಿದ್ದ ಫ್ಲಾಪ್‌ನಲ್ಲಿ ಮಾತ್ರ ಒಂದೇ ಸಲ ಬೆಟ್ ಮಾಡಿ ನೋಡಿ. ಎಕ್ಕ ಇದ್ದರೆ ಕಾಲ್, ಇಲ್ಲದಿದ್ದರೆ ಫೋಲ್ಡ್. ಜುಗ್ಗನ ಹತ್ತಿರ ಎಕ್ಕ ಜಾಸ್ತಿ ಇರುತ್ತದೆ. ಕಾಲ್ ಮಾಡಿದನೋ, ಅಲ್ಲಿಗೆ ನಿಲ್ಲಿಸಿ.

ಅವನು ಚೆಕ್ ಮಾಡಿ, ನಿಮ್ಮ ಬೆಟ್‌ಗೆ ರೈಸ್ ಮಾಡಿದರೆ? ಹೆಜ್ಜೆ 7 ನೋಡಿ. ಒಂದೇ ಪದದ ಉತ್ತರ: ಬಿಡಿ.

ಹೆಜ್ಜೆ 5: ಟರ್ನ್‌ನಲ್ಲಿ ಎರಡನೇ ಗುಂಡು (ಎರಡನೇ ಬೆಟ್)

ಜುಗ್ಗರ ಎದುರು ಜಾಸ್ತಿ ಜನ ತಪ್ಪು ಮಾಡೋದು ಇಲ್ಲಿ. ಕೆಲವರು ಫ್ಲಾಪ್‌ನಲ್ಲಿ ಕಾಲ್ ಆದ ಕೂಡಲೇ ಕೈಚೆಲ್ಲುತ್ತಾರೆ. ಇನ್ನು ಕೆಲವರು ಕಣ್ಣು ಮುಚ್ಚಿ ಮತ್ತೆ ಬೆಟ್ ಮಾಡುತ್ತಾರೆ. ಎರಡೂ ಸರಿಯಲ್ಲ. ಟರ್ನ್‌ನಲ್ಲಿ ಏನು ಬಿತ್ತು ಅನ್ನೋದರ ಮೇಲೆ ಎಲ್ಲ ನಿಂತಿದೆ.

ಒಂದು ಕೈ ಹೇಳುತ್ತೇನೆ. ನಿಮ್ಮ ಹತ್ತಿರ 8-5, ಬಟನ್. 200, ಕಾಲ್. ಫ್ಲಾಪ್ ಗುಲಾಮ-7-3, ಮೂರೂ ಬೇರೆ ಗುರುತು. ಅವನು ಚೆಕ್. ನೀವು 130. ಸ್ವಲ್ಪ ಯೋಚಿಸಿ ಕಾಲ್ ಮಾಡಿದ. ಪಾಟ್ 660. ಅವನ ಹತ್ತಿರ ಏನಿರಬಹುದು? ಗುಲಾಮದ ಜೋಡಿ, ಇಲ್ಲವೇ 8-8, 9-9, 10-10 ಥರದ ನಡು ಜೋಡಿ, ಇಲ್ಲವೇ 7. ಟರ್ನ್‌ನಲ್ಲಿ 2 ಬಿದ್ದರೆ ಅವನಿಗೆ ಹೆದರೋಕೆ ಏನೂ ಇಲ್ಲ, ಮತ್ತೆ ಕಾಲ್ ಮಾಡುತ್ತಾನೆ. ಚೆಕ್ ಮಾಡಿ ಬಿಡಿ. ಆದರೆ ಬಿದ್ದದ್ದು ಎಕ್ಕ ಅಥವಾ ರಾಜ ಅನ್ನಿ. ಈಗ ಅವನ 9-9 ಒಮ್ಮೆಗೇ ಚಿಕ್ಕದಾಯಿತು. 440 ಬೆಟ್ ಮಾಡಿ, ಪಾಟ್‌ನ ಮೂರನೇ ಎರಡು ಭಾಗ. ನೂರಕ್ಕೆ ನಲವತ್ತು ಸಲ ಅವನು ಬಿಟ್ಟರೆ ಸಾಕು. ಜುಗ್ಗ ಅದಕ್ಕಿಂತ ಜಾಸ್ತಿಯೇ ಬಿಡುತ್ತಾನೆ. ಕೆಲವರು ಬಿಡುವ ಮುಂಚೆ ಎಲೆ ಬಿಚ್ಚಿ ತೋರಿಸುತ್ತಾರೆ, "ನೋಡು, 10-10 ಬಿಡ್ತಾ ಇದೀನಿ" ಅಂತ. ತೋರಿಸಲಿ ಬಿಡಿ, ಉಚಿತ ಮಾಹಿತಿ.

440ಕ್ಕೂ ಕಾಲ್ ಮಾಡಿದರೆ ಅಲ್ಲಿಗೆ ಕೈ ಮುಗಿಯಿತು. ನೀವು ಒಟ್ಟು ಹಾಕಿದ್ದು 770. ಆಗಲೇ ಹೇಳಿದ 1,300ರ ಮಿತಿಯೊಳಗೇ ಇದ್ದೀರಿ.

ಹೆಜ್ಜೆ 6: ರಿವರ್, ಮೂರನೇ ಗುಂಡು ಯಾವಾಗ

ಸಾಮಾನ್ಯವಾಗಿ ಬೇಡ. ಎರಡು ಬೆಟ್‌ಗೆ ಕಾಲ್ ಮಾಡಿದ ಜುಗ್ಗನ ಹತ್ತಿರ ಏನೋ ಇದೆ.

ಒಂದು ಅಪವಾದ ಇದೆ. 2003ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯದ ಕೊನೆಯಲ್ಲಿ ಇಬ್ಬರೇ ಉಳಿದಿದ್ದರು. ಟೆನೆಸೀಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್ ಒಂದು ಕಡೆ, ಪಳಗಿದ ವೃತ್ತಿ ಆಟಗಾರ ಸ್ಯಾಮ್ ಫರ್ಹಾ ಇನ್ನೊಂದು ಕಡೆ. ಫ್ಲಾಪ್ 9-2-6, ಅದರಲ್ಲಿ ಎರಡು ಇಸ್ಪೀಟು (ಸ್ಪೇಡ್) ಗುರುತಿನವು. ಫರ್ಹಾ ಹತ್ತಿರ ರಾಣಿ-9, ಅಂದರೆ ಮೇಲಿನ ಜೋಡಿ. ಮನಿಮೇಕರ್ ಹತ್ತಿರ ಇಸ್ಪೀಟು ರಾಜ ಮತ್ತು ಒಂದು 7. ಟರ್ನ್‌ನಲ್ಲಿ ಇಸ್ಪೀಟು 8 ಬಿತ್ತು. ಫರ್ಹಾ ಬೆಟ್ ಮಾಡಿದರು, ಮನಿಮೇಕರ್ ರೈಸ್ ಮಾಡಿದರು. ರಿವರ್‌ನಲ್ಲಿ ಬಿದ್ದದ್ದು 3, ಯಾವುದೂ ಕೂಡಲಿಲ್ಲ. ಬರೀ ರಾಜ ಹಿಡಿದು ಮನಿಮೇಕರ್ ಆಲ್ ಇನ್ (ಇದ್ದ ಚಿಪ್ಪೆಲ್ಲ ಮುಂದೆ) ಅಂದರು. ಬಹಳ ಹೊತ್ತು ಯೋಚಿಸಿದ ಫರ್ಹಾ ಗೆಲ್ಲುವ ಎಲೆಯನ್ನೇ ಎಸೆದರು. ಆ ವರ್ಷ ಗೆದ್ದದ್ದು ಮನಿಮೇಕರ್.

ಫರ್ಹಾ ಜುಗ್ಗ ಅಲ್ಲವೇ ಅಲ್ಲ, ಧಾರಾಳವಾಗಿ ಆಡುವವರು. ಅವರನ್ನೇ ಬಿಡಿಸಿದ್ದು ಯಾವುದು? ಕತೆ ಒಂದಕ್ಕೊಂದು ಹೊಂದಿತ್ತು. ಟರ್ನ್‌ನಲ್ಲಿ ಮೂರನೇ ಇಸ್ಪೀಟು ಬಿದ್ದಾಗಲೇ ರೈಸ್, ರಿವರ್‌ನಲ್ಲಿ ಪೂರ್ತಿ. ಫ್ಲಶ್ (ಒಂದೇ ಗುರುತಿನ ಐದು ಎಲೆ) ಇರುವವನು ಆಡುವ ಹಾಗೇ ಆಡಿದ್ದು. ಎದುರಾಳಿಯ ಕೈಯಲ್ಲಿ ಇದ್ದದ್ದು ಒಂದೇ ಒಂದು ಜೋಡಿ. ನಿಮ್ಮ ಮೂರನೇ ಗುಂಡಿಗೂ ಇದೇ ಮೂರು ಬೇಕು: ಟೇಬಲ್ ಮೇಲೆ ಭಯ ಹುಟ್ಟಿಸುವ ಎಲೆ, ನಡುವೆ ಮುರಿಯದ ಕತೆ, ಒಂದೇ ಜೋಡಿ ಹಿಡಿದ ಎದುರಾಳಿ. ಆ ಗುರುತಿನ ಎಕ್ಕ ಅಥವಾ ರಾಜ ನಿಮ್ಮ ಕೈಯಲ್ಲೇ ಇದ್ದರೆ ಇನ್ನೂ ಒಳ್ಳೆಯದು, ಅವನ ಹತ್ತಿರ ದೊಡ್ಡ ಫ್ಲಶ್ ಇರುವ ಸಾಧ್ಯತೆ ಕಡಿಮೆಯಾಗುತ್ತದೆ. ಒಂದು ಸಂಜೆಗೆ ಒಂದು ಸಲ ಇಂಥದ್ದು ಸಿಕ್ಕರೆ ಅದೃಷ್ಟ.

ಹೆಜ್ಜೆ 7: ಅವನು ರೈಸ್ ಮಾಡಿದಾಗ

ಇದೇ ಕಷ್ಟದ ಹೆಜ್ಜೆ. ಲೆಕ್ಕ ಕಷ್ಟ ಅಲ್ಲ, ಮನಸ್ಸು ಕಷ್ಟ. ಒಂದು ಗಂಟೆ ಗೆದ್ದಿರುತ್ತೀರಿ. ಅವನು ಬಗ್ಗುತ್ತಾನೆ ಅನ್ನೋದು ತಲೆಗೆ ಏರಿರುತ್ತದೆ. ಆಗ ಅವನು ತಿರುಗಿ ನಿಂತರೆ "ಇವನಾ? ನನ್ನ ಮೇಲಾ?" ಅನಿಸುತ್ತದೆ. ಆ ಅನಿಸಿಕೆಗೇ ನನ್ನ ದೋಸೆ ದುಡ್ಡು ಹೋಗಿದ್ದು.

ನೀವು 200 ಮಾಡಿದಿರಿ, ಅವನು 700 ಮಾಡಿದ. ಇನ್ನೂ 500 ಹಾಕಿ 1,400ರ ಪಾಟ್‌ಗೆ ಹೋಗಬೇಕು. ನೂರಕ್ಕೆ 36 ಸಲ ಗೆಲ್ಲುವಂತಿದ್ದರೆ ಮಾತ್ರ ಸರಿ. ಅವನ ಹತ್ತಿರ ಆ 40 ಜೋಡಣೆಗಳೇ ಇದ್ದರೆ ಎಕ್ಕ-ರಾಣಿಗೂ ಅಷ್ಟು ಬಲ ಇಲ್ಲ. ಎಕ್ಕ-10, ರಾಜ-ರಾಣಿಯ ಮಾತು ಬಿಡಿ. ಎಲ್ಲ ಎಸೆಯಿರಿ.

ಎರಡು ರಾಣಿ ಇದ್ದರೆ ಕಾಲ್, ಆದರೆ ಪೂರ್ತಿ ತಳ್ಳಬೇಡಿ. ಎರಡು ರಾಜ, ಎರಡು ಎಕ್ಕ ಇದ್ದರೆ ಧೈರ್ಯವಾಗಿ ಹೋಗಿ. ರಾಜ-ರಾಜ ಹಿಡಿದು "ಅವನ ಹತ್ತಿರ ಎಕ್ಕ-ಎಕ್ಕ ಇದ್ದರೆ?" ಅಂತ ನಡುಗಬೇಡಿ. ಎಕ್ಕ-ಎಕ್ಕಕ್ಕೆ 6 ಜೋಡಣೆ, ರಾಣಿ-ರಾಣಿಗೂ 6, ನಿಮ್ಮ ಎರಡು ರಾಜ ಹೋದ ಮೇಲೂ ಎಕ್ಕ-ರಾಜಕ್ಕೆ 8. ಸೋಲು ಬಂದರೆ ಬರಲಿ.

ಸಣ್ಣ ಜೋಡಿ, 4-4 ಅಥವಾ 6-6, ಒಂದು ವಿಶೇಷ. ಫ್ಲಾಪ್‌ನಲ್ಲಿ ಮೂರನೆಯದು ಸಿಗೋದು ಎಂಟೂವರೆ ಸಲಕ್ಕೆ ಒಂದು ಸಲ. ಸಿಕ್ಕಾಗ 500ರ ಏಳೂವರೆಯಷ್ಟು, ಅಂದರೆ 3,750 ಬರಬೇಕು. 900 ಪಾಟ್‌ನಲ್ಲೇ ಇದೆ. ಉಳಿದ 2,850 ಅವನಿಂದ ಬರಬೇಕು. ಜುಗ್ಗ ಬೇರೆ ಎಲ್ಲ ಬಿಟ್ಟಾನು, ಎರಡು ಎಕ್ಕ ಬಿಡಲ್ಲ. 10,000 ಚಿಪ್ ಇದ್ದಾಗ ಈ ಕಾಲ್ ಸರಿ. 3,000 ಮಾತ್ರ ಉಳಿದಿದ್ದರೆ ಬೇಡ.

ಫ್ಲಾಪ್, ಟರ್ನ್‌ನಲ್ಲಿ ಅವನು ರೈಸ್ ಮಾಡಿದರೆ ಒಂದೇ ಜೋಡಿ ಯಾವತ್ತೂ ಸಾಲದು. ಎರಡು ಜೋಡಿ ಇದ್ದರೆ ಒಂದು ಸಲ ಕಾಲ್ ಮಾಡಿ ನೋಡಿ. ಅದಕ್ಕಿಂತ ಕೆಳಗೆ ಎಲ್ಲ ಫೋಲ್ಡ್. ಕೆಲವೊಮ್ಮೆ ಅವನು ನಿಮ್ಮನ್ನು ಮೋಸ ಮಾಡಿ ಬಿಡಿಸಿರುತ್ತಾನೆ. ಬಿಡಿಸಲಿ. ಆಗಾಗ ಒಂದು ಪಾಟ್ ಅವನಿಗೆ ಕೊಟ್ಟರೂ ಲೆಕ್ಕ ನಿಮ್ಮ ಕಡೆಯೇ ಇದೆ.

ಹೆಜ್ಜೆ 8: ನಿಮಗೇ ದೊಡ್ಡ ಕೈ ಬಂದಾಗ

ಜುಗ್ಗನಿಂದ ಹಣ ಕೀಳೋದು ಹೇಗೆ? ಬಹಳ ಜನ "ಸುಮ್ನೆ ಚೆಕ್ ಮಾಡಿ ಬಲೆ ಹಾಕು" ಅಂತಾರೆ. 1988ರ ವರ್ಲ್ಡ್ ಸೀರೀಸ್ ಕೊನೆಯ ಕೈಯಲ್ಲಿ ಜಾನಿ ಚಾನ್ ಫ್ಲಾಪ್‌ನಲ್ಲೇ ಸ್ಟ್ರೇಟ್ (ಸಾಲಾಗಿ ಐದು ಎಲೆ) ಕೂಡಿಸಿ, ಸದ್ದಿಲ್ಲದೆ ಆಡಿ, ರಾಣಿ ಜೋಡಿ ಹಿಡಿದಿದ್ದ ಎರಿಕ್ ಸೈಡಲ್ ರಿವರ್‌ನಲ್ಲಿ ಪೂರ್ತಿ ತಳ್ಳುವ ಹಾಗೆ ಮಾಡಿದರು. ಚೆಂದದ ಬಲೆ. ಆದರೆ ಬಲೆಗೆ ಬೀಳೋಕೆ ಎದುರಿನವನು ಬೆಟ್ ಮಾಡಬೇಕಲ್ವಾ? ಜುಗ್ಗ ಮಾಡಲ್ಲ. ನೀವು ಚೆಕ್, ಅವನೂ ಚೆಕ್. ಕೊನೆಗೆ 400ರ ಪಾಟ್ ಗೆದ್ದು ಮುಖ ಸಪ್ಪೆ ಮಾಡಿಕೊಳ್ಳುತ್ತೀರಿ.

ಹಾಗಾಗಿ ನೀವೇ ಬೆಟ್ ಮಾಡಿ, ಸಣ್ಣದಾಗಿ, ಮೂರು ಸಲ. 130, ಆಮೇಲೆ 250, ಆಮೇಲೆ 450. ನೀವು ಇಷ್ಟೊತ್ತು ಕಸ ಹಿಡಿದು 130 ಮಾಡಿದ್ದೀರಿ, ಈಗಲೂ ಅದೇ ಅಂದುಕೊಳ್ಳುತ್ತಾನೆ. ಅವನು ರೈಸ್ ಮಾಡಿದರೆ ಕತೆ ಬೇರೆ. ಅವನ ಹತ್ತಿರವೂ ಬಲ ಇದೆ, ಬಿಡಲ್ಲ. ಆಗ ಸಂಕೋಚವಿಲ್ಲದೆ ಪೂರ್ತಿ ತಳ್ಳಿ.

ಹೆಜ್ಜೆ 9: ಚಿಪ್ ಕಡಿಮೆ ಆದಾಗ

ಬ್ಲೈಂಡ್ ಏರುವ ಆಟದಲ್ಲಿ ಒಂದು ಹಂತಕ್ಕೆ ಇಬ್ಬರ ಹತ್ತಿರವೂ ಹತ್ತು ಬಿಗ್ ಬ್ಲೈಂಡ್‌ನಷ್ಟೇ ಉಳಿಯುತ್ತದೆ. ಇಲ್ಲಿ ಸಣ್ಣ ರೈಸ್ ಬಿಡಿ, ಬಟನ್‌ನಲ್ಲಿ ನೇರವಾಗಿ ಆಲ್ ಇನ್. 1,000 ಚಿಪ್ ಇದೆ ಅನ್ನಿ. ಜುಗ್ಗ ನಾಲ್ಕರಲ್ಲಿ ಮೂರು ಸಲ ಬಿಡುತ್ತಾನೆ: ಪ್ರತಿ ಸಲ 150 ಲಾಭ. ಒಂದು ಸಲ ಕಾಲ್ ಮಾಡುತ್ತಾನೆ. ನಿಮ್ಮದು ಕೆಟ್ಟ ಕೈ, ನೂರಕ್ಕೆ ಮೂವತ್ತು ಗೆಲ್ಲುತ್ತದೆ ಅಂದರೆ 2,000ದ ಪಾಟ್‌ನಲ್ಲಿ ನಿಮ್ಮ ಪಾಲು 600. ಹಾಕಿದ್ದು 950. ನಷ್ಟ 350. ನಾಲ್ಕು ಸಲಕ್ಕೆ 450 ಬಂತು, 350 ಹೋಯಿತು. ಕೆಟ್ಟ ಕೈಗೇ ಲಾಭ! ಒಳ್ಳೆ ಕೈ ಬಂದರೆ ಕೇಳಬೇಕೇ? ಅವನು ಆಲ್ ಇನ್ ಅಂದಾಗ ಮಾತ್ರ ನೀವು ಬಿಗಿಯಾಗಿ: ಜೋಡಿ, ದೊಡ್ಡ ಎಕ್ಕ.

ಅವನು ಬದಲಾದರೆ

ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಸೀಫಿಯಸ್ ಅನ್ನೋ ಪ್ರೋಗ್ರಾಂ ತಂದರು. ಇಬ್ಬರ ಲಿಮಿಟ್ ಹೋಲ್ಡೆಮ್ (ಬೆಟ್‌ಗೆ ಮಿತಿ ಇರುವ ಆಟ) ಅನ್ನು ಅದು ಹೆಚ್ಚುಕಡಿಮೆ ಬಿಡಿಸಿಬಿಟ್ಟಿತು. 2017ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಅನ್ನೋ ಇನ್ನೊಂದು ಪ್ರೋಗ್ರಾಂ 1,20,000 ಕೈಗಳಲ್ಲಿ ನಾಲ್ವರು ವೃತ್ತಿ ಆಟಗಾರರನ್ನು ನೋ ಲಿಮಿಟ್‌ನಲ್ಲಿ ಸೋಲಿಸಿತು. ಇವು ಮೊದಲು ನೋಡಿಕೊಳ್ಳೋದು ತಮ್ಮ ಆಟದಲ್ಲಿ ತೂತು ಇರದ ಹಾಗೆ. ನಾವು ಮಾಡುತ್ತಿರೋದು ಉಲ್ಟಾ. ಅವನ ತೂತಿಗೆ ಕೈ ಹಾಕೋಕೆ ನಮ್ಮ ಆಟದಲ್ಲೂ ತೂತು ಬಿಟ್ಟಿದ್ದೇವೆ. ಎಲ್ಲ ಕೈಗೂ ರೈಸ್ ಮಾಡುತ್ತೇವೆ, ತಿರುಗಿ ಬಂದರೆ ಬಿಡುತ್ತೇವೆ. ಅವನಿಗೆ ಇದು ಹೊಳೆದ ದಿನ ನಮಗೆ ಕಷ್ಟ.

ಅದಕ್ಕೇ ಆದಷ್ಟು ತಡವಾಗಿ ಹೊಳೆಯುವ ಹಾಗೆ ನೋಡಿಕೊಳ್ಳಿ. ಬ್ಲಫ್ ಮಾಡಿ ಗೆದ್ದ ಎಲೆ ಎಂದೂ ತೋರಿಸಬೇಡಿ. ಒಳ್ಳೆ ಎಲೆಗೆ ಅವನು ಬಿಟ್ಟಾಗ ಒಂದೆರಡು ಸಲ ತೋರಿಸಿ, "ಒಳ್ಳೇದಾಯ್ತು ಬಿಟ್ಟಿದ್ದು" ಅಂತ ಹೊಗಳಿ. ಅಣಕಿಸಬೇಡಿ. ಅಣಕಿಸಿದರೆ ಎಂಥ ಸೌಮ್ಯದವನಿಗೂ ರೋಷ ಬರುತ್ತದೆ, ಆಮೇಲೆ ಏನೇ ಬಂದರೂ ಕಾಲ್.

ಬದಲಾಗುತ್ತಿರುವ ಸೂಚನೆ ಹೀಗಿರುತ್ತದೆ. ನಿಟ್ಟುಸಿರು ಬಿಟ್ಟು "ನೋಡೇ ಬಿಡೋಣ" ಅಂತ ಕಾಲ್ ಮಾಡುತ್ತಾನೆ. ರಾಣಿ-8, ಗುಲಾಮ-7 ತೋರಿಸತೊಡಗುತ್ತಾನೆ. ಹತ್ತು ಕೈಯಲ್ಲಿ ಎರಡು, ಮೂರು ಸಲ ತಿರುಗಿ ರೈಸ್ ಮಾಡುತ್ತಾನೆ. ಒಂದು ರೈಸ್‌ಗೆ ಗಾಬರಿಯಾಗಬೇಡಿ, ಅವನಿಗೂ ಒಮ್ಮೊಮ್ಮೆ ಎಲೆ ಬರುತ್ತದೆ. ಮೂರನೇ ಸಲಕ್ಕೆ ಎಚ್ಚರವಾಗಿ. ಬಟನ್‌ನಲ್ಲಿ ಮೂರರಲ್ಲಿ ಒಂದು ಕೈ ಬಿಡೋಕೆ ಶುರು ಮಾಡಿ, ಟರ್ನ್‌ನ ಎರಡನೇ ಗುಂಡು ನಿಲ್ಲಿಸಿ, ಒಳ್ಳೆ ಕೈಗೆ ಬೆಟ್ ದೊಡ್ಡದು ಮಾಡಿ. ಈಗ ನಿಮ್ಮೆದುರು ಕೂತಿರುವವನು ಜುಗ್ಗ ಅಲ್ಲ. ಮೊದಲ ಹೆಜ್ಜೆಗೆ ಹೋಗಿ ಮತ್ತೆ ಇಪ್ಪತ್ತು ಕೈ ಎಣಿಸಿ.